ಗಣಿತ ಕೊನೆಯ ಪಿರಿಯಡ್ಡಿಗೆ

ನಮ್ಮ ಹೆಡ್‌ಮಾಸ್ತರರಿಗೆ ಹುಚ್ಚು ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವವರ ಜೊತೆ ವಾದಕ್ಕೂ ಹೋಗುವುದಿಲ್ಲ!

ಬಬಲೇಶ್ವರದಾಚೆ, ದ್ರಾಕ್ಷಿ ತೋಟಗಳ ನಡುವೆ ನಮ್ಮ ಸರಕಾರಿ ಶಾಲೆ. ವಿಜಯಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಗಣಿತದ ಟೀಚರು ನಾನು. ಎಲ್ಲ ಶಾಲೆಗಳಲ್ಲೂ ಗಣಿತ ಬೆಳಿಗ್ಗೆ, ಹೌದೋ ಅಲ್ಲವೋ? ನಮ್ಮಲ್ಲಿ ಕೊನೆಯ ಪಿರಿಯಡ್ಡು! ಮಕ್ಕಳು ಆಕಳಿಸುವ ಹೊತ್ತು, ನನ್ನ ಬಸ್ಸು ಹೊರಡುವ ಹೊತ್ತು.

ಇವರು ವೇಳಾಪಟ್ಟಿ ಮಾಡುವ ರೀತಿಯನ್ನಾದರೂ ಕೇಳಿ. ಶಿಕ್ಷಕರನ್ನು ಒಂದು ಮಾತು ಕೇಳುವುದಿಲ್ಲ. ಜೂನ್ ತಿಂಗಳಿಡೀ ಗೇಟಿನ ಬಳಿ ಕುರ್ಚಿ ಹಾಕಿಕೊಂಡು, ಯಾರು ಎಷ್ಟು ತಡ, ಯಾಕೆ ತಡ ಅಂತ ಬರೆದುಕೊಳ್ಳುತ್ತಾರೆ. ಬೈಯುವುದಿಲ್ಲ, ಬರೆದುಕೊಳ್ಳುತ್ತಾರೆ! ಅಪ್ಪ ಅವ್ವ ನಸುಕಿನಲ್ಲೇ ತೋಟದ ಟೆಂಪೋ ಹತ್ತಿದರೆ, ದೊಡ್ಡ ಮಗಳು ರೊಟ್ಟಿ ಬಡಿದು, ತಂಗಿಯನ್ನು ಅಂಗನವಾಡಿಗೆ ಬಿಟ್ಟೇ ಬರಬೇಕು. ಅಂಥವರು ಒಂಬತ್ತು ಮಂದಿ. ಅವರಿಗೆ ಲೆಕ್ಕ ತಪ್ಪಬಾರದಂತೆ, ಅದಕ್ಕೇ ಗಣಿತ ಸಂಜೆಗೆ; ಅವರು ಬರುವ ತನಕ ಉಳಿದವರಿಗೆ ಹಾಡು, ಚಿತ್ರ!

"ಸರ್, ನಲವತ್ತು ಮಂದಿ ಟೈಮಿಗೆ ಸರಿಯಾಗಿ ಬರತಾರ್ರಿ," ಅಂದೆ.

"ಅದಕ್ಕ ಅವರ ಚಿಂತಿ ನನಗಿಲ್ರಿ ಟೀಚರ್."

ಹಣೆ ಚಚ್ಚಿಕೊಳ್ಳಬೇಕು!

ಊರಿನ ಸಾವಕಾರರೊಬ್ಬರು ಬಂದು, "ನಮ್ಮ ಹುಡುಗನ ತಲಿ ಮುಂಜಾನಿ ಚುರುಕಿರತೈತ್ರಿ, ಲೆಕ್ಕ ಆವಾಗ ಇಡ್ರಿ," ಅಂದರು.

"ಚುರುಕು ತಲಿ ಸಂಜೀತನಕ ತಡಕೋತೈತಿ ಬಿಡ್ರಿ ಸಾವಕಾರ್ರ," ಅಂತ ಚಹಾ ಕುಡಿಸಿ ಕಳಿಸಿದರು.

ತಪಾಸಣೆಗೆ ಬಂದ ಸಾಹೇಬರು, "ಇದಕ್ಕ ಯಾರ ಆರ್ಡರ್ ಐತ್ರಿ?" ಎಂದು ಗದರಿದರೆ, "ಈ ಕುರ್ಚಿ ನನಗ ಕುಂದ್ರಾಕ ಅಷ್ಟ ಕೊಟ್ಟೀರೇನ್ರಿ ಸಾಹೇಬ್ರ?" ಎಂಬ ಉತ್ತರ. ಮರುವಾರ ನೋಟೀಸು ಬಂತು. ಹಳೆಯ ನೋಟೀಸುಗಳ ಜೊತೆ ಅದನ್ನೂ ಫೈಲಿಗೆ ಹಾಕಿದರು.

ಕೊನೆಗೆ ಮೇಲಿನವರು ಇವರನ್ನು ಹತ್ತು ದಿನದ ನಾಯಕತ್ವ ತರಬೇತಿಗೆ ಕರೆಸಿಕೊಂಡರು. ಇವರಿಗೆ ಅದನ್ನೂ ಕಲಿಸಬೇಕೇ, ದೇವರೇ! ಚಾರ್ಜು ನನಗೆ ಬಂತು. ಬೀಗದ ಕೈ ಕೊಡುತ್ತ, "ಈಗ ಸಾಲಿ ನಿಮ್ದ. ನಿಮಗ ಸರಿ ಅನಿಸಿದಂಗ ಮಾಡ್ರಿ," ಅಂದರು. ಮರುದಿನವೇ ಗಣಿತವನ್ನು ಬೆಳಿಗ್ಗೆಗೆ ತಂದೆ. ಎರಡು ದಿನ ಸ್ವರ್ಗ!

ಮೂರನೆಯ ದಿನ ಪಾಠ ಮುಗಿಸಿ ಹೊರಗೆ ಬಂದರೆ, ಏಳನೆಯ ತರಗತಿಯ ಸುಜಾತಾ ವರಾಂಡದ ಕಿಟಕಿಯ ಹತ್ತಿರ ನೋಟ್‌ಬುಕ್ ಹಿಡಿದು ನಿಂತಿದ್ದಳು. ಆ ಒಂಬತ್ತು ಮಂದಿಯಲ್ಲಿ ಒಬ್ಬಳು.

"ಒಳಗ ಯಾಕ ಬರಲಿಲ್ಲವ್ವಾ?"

"ಅರ್ಧಾ ಆಗಿತ್ರಿ ಟೀಚರ್. ನಡುವ ಬಂದ್ರ ಉಳದವರಿಗೆ ತ್ರಾಸ ಆಕ್ಕೈತಿ ಅಂತ ಇಲ್ಲೇ ನಿಂತು ಬರಕೊಂಡೇನ್ರಿ. ಮೂರು ದಿನದ್ದೂ ಬರದೇನ್ರಿ."

ನೋಟ್‌ಬುಕ್ ಇಸಿದುಕೊಂಡು ನೋಡಿದೆ. ಮುದ್ದಾದ ಅಕ್ಷರ. ಆದರೆ ಒಂದು ಲೆಕ್ಕವೂ ಪೂರ್ತಿ ಇರಲಿಲ್ಲ. ಆ ಕಿಟಕಿಯಿಂದ ಕರಿಹಲಗೆಯ ಬಲಗಡೆ ಮಾತ್ರ ಕಾಣುತ್ತಿತ್ತು.

ನನಗೆ ಅಳುವೇ ಬಂತು. ಅಲ್ಲೇ ನಿಂತು ಹೆಡ್‌ಮಾಸ್ತರರಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿ, ಗಣಿತ ಮತ್ತೆ ಸಂಜೆಗೇ ಅಂದೆ. ನನಗೆ ಒಂದು ಮಾತು ಅನ್ನಬಹುದಿತ್ತು, ಅನ್ನಲಿಲ್ಲ. "ಆ ಹುಡುಗಿಗೆ ಬೈಬ್ಯಾಡ್ರಿ ಟೀಚರ್," ಅಂದರು, ಅಷ್ಟೇ.

ಬೈಯುವುದೆಲ್ಲಿ ಬಂತು? ವರಾಂಡದಲ್ಲೇ ಆಕೆಯ ಪಕ್ಕ ಕುಳಿತು, ಆ ಲೆಕ್ಕಗಳ ಎಡಗಡೆಯನ್ನು ಒಂದೊಂದಾಗಿ ಬರೆದುಕೊಡತೊಡಗಿದೆ.