ವಿಮಾನದವರ ಬೀರು

ಸತ್ತವರ ಸಾಮಾನು ಜೋಪಾನ ಮಾಡಲು ಹೊರಟವನಿಗೆ ಬದುಕಿರುವವರಿಂದ ಆಗುವ ಫಜೀತಿ ಒಂದೆರಡಲ್ಲ. ಇನ್ನು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ನಾನು ವಾಯುಪಡೆಯಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಸಾರ್ಜೆಂಟ್ ಆಗಿ ನಿವೃತ್ತನಾಗಿ ಮೂಡಿಗೆರೆಯಲ್ಲಿ ಜೀಪಿನ ಗ್ಯಾರೇಜು ಇಟ್ಟೆ. ನಮ್ಮ ಈ ಗುಡ್ಡಗಳಿಂದ ಹೋಗಿ ಯುದ್ಧದಲ್ಲಿ ವಿಮಾನ ಹಾರಿಸಿದವರು ಐದು ಜನ ಇದ್ದಾರೆ ಅಂತ ಗೊತ್ತಾದದ್ದು ಎಸ್ಟೇಟುಗಳಿಗೆ ರಿಪೇರಿಗೆ ಹೋಗಿ ಬರುವಾಗ. ನಾಲ್ವರು ಈಗಿಲ್ಲ. ಅವರ ಕಾಗದ, ಪದಕ, ಫೋಟೊ ಎಲ್ಲ ಒಂದು ಕಡೆ ಇರಲಿ ಅಂತ ಕಬ್ಬಿಣದ ಬೀರು ಒಂದನ್ನು ತಂದೆ. ಅಲ್ಲಿಂದ ಶುರು.

೧. ಕನ್ನಡಕ

ವಸ್ತಾರೆ ಹತ್ತಿರದ ಎಸ್ಟೇಟೊಂದರಲ್ಲಿ ಜೀಪಿನ ಕ್ಲಚ್ಚು ಬಿಚ್ಚಿಕೊಂಡು ಕೂತಿದ್ದೆ. ಕಾಫಿಗೆ ಬೋರ್ಡೋ, ಅಂದರೆ ಮೈಲುತುತ್ತದ ಔಷಧಿ, ಹೊಡೆದು ಬಂದ ಆಳೊಬ್ಬ ಎದುರಿಗೆ ನಿಂತ. ಮೈಯೆಲ್ಲ ನೀಲಿ. ಕಣ್ಣಿಗೆ ದಪ್ಪ ಗಾಜಿನ, ಚರ್ಮದ ಅಂಚಿನ ಕನ್ನಡಕ. ಹಿಂದಿನ ಕಾಲದ ಪೈಲಟ್‌ಗಳು ಹಾಕಿಕೊಳ್ಳುತ್ತಿದ್ದದ್ದು. ನೋಡಿದ ಕೂಡಲೇ ಗುರುತು ಸಿಕ್ಕಿತು.

ಸಾಹುಕಾರರನ್ನು ಕೇಳಿದೆ. "ಓ ಅದಾ, ನಮ್ಮಜ್ಜಂದು. ಬರ್ಮಾ ಕಡೆ ಯುದ್ಧದಲ್ಲಿ ಹಾಕ್ಕೊಂಡಿದ್ರಂತೆ. ಗಟ್ಟಿ ಮಾಲು ಸಾಬ್ರೆ. ನಾವು ತರೋ ಪ್ಲಾಸ್ಟಿಕ್ಕಿಂದು ಒಂದು ಮಳೆಗಾಲ ಬರಲ್ಲ" ಅಂದರು.

ಒಳಗೆ ಹಾಲಿನಲ್ಲಿ ಅಜ್ಜನ ಫೋಟೊ. ವಿಮಾನದ ಪಕ್ಕ ನಿಂತು, ಅದೇ ಕನ್ನಡಕ ಹಣೆಗೆ ಏರಿಸಿಕೊಂಡು ನಗುತ್ತಿದ್ದಾರೆ. ಫೋಟೊಗೆ ದಿನಾ ಊದುಬತ್ತಿ, ಕನ್ನಡಕಕ್ಕೆ ಮೈಲುತುತ್ತ.

ಮಾರನೆ ದಿನ ಆ ಆಳಿಗೆ ಹೊಸ ಕನ್ನಡಕ ತಂದುಕೊಟ್ಟು ಹಳೆಯದನ್ನು ಕೇಳಿದೆ. ಅವನು ಅದನ್ನು ಬಿಚ್ಚಿ, ಉಜ್ಜಿ, ತಿರುಗಿಸಿ ನೋಡಿದ.

"ಇದನ್ನ ಹಾಕ್ಕೊಂಡವರು ಯುದ್ಧ ಗೆದ್ರಾ?"

"ಗೆದ್ರು."

"ಹಂಗಾದ್ರೆ ಆವಾಗ ಎಡಗಡೆ ಸೋರ್ತಾ ಇರ್ಲಿಲ್ಲ ಬಿಡಿ."

೨. ತೂತು

ಅರವತ್ತೈದರ ಯುದ್ಧಕ್ಕೆ ಹೋಗಿ ವಾಪಸು ಬಾರದ ಒಬ್ಬರ ಅಕ್ಕ ದೇವರಮನೆ ಬೆಟ್ಟಕ್ಕೆ ಹೋಗುವ ದಾರಿಯ ಪಕ್ಕದ ಮನೆಯಲ್ಲಿದ್ದಾರೆ. ವಯಸ್ಸು ತೊಂಬತ್ತರ ಹತ್ತಿರ. ತಮ್ಮನು ಅಮ್ಮನಿಗೆ ಬರೆದ ಇನ್‌ಲ್ಯಾಂಡ್ ಕಾಗದಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ನಾನು ಒಂದೊಂದೇ ಬಿಡಿಸಿದೆ. ಪ್ರತಿಯೊಂದಕ್ಕೂ ಚೌಕಾಕಾರದ ತೂತು.

"ನಮ್ಮ ಯಜಮಾನ್ರಿಗೆ ಸ್ಟಾಂಪ್ ಕೂಡಿಸೋ ಹುಚ್ಚು ಇತ್ತು. ನಾನು ತವರಿಗೆ ಹೋದಾಗ ಕತ್ತರಿ ಹಾಕಿದ್ರು" ಅಂದರು ಅಕ್ಕ. "ಮಿಲಿಟ್ರಿಯವರು ಒಡೆದು ಓದಿ ಹಾಗೇ ಕಳಿಸಿದ್ದ ಕಾಗದ. ಕತ್ತರಿಸಿದ್ದು ಮನೆಯವರೇ."

ಕೊನೆಯ ಕಾಗದ ತೆಗೆದೆ. "ಅಮ್ಮಾ, ಈ ಸಲ ಬರುವಾಗ ನಿನಗೆ ಒಂದು" ಅಂತಿತ್ತು, ಆಮೇಲೆ ತೂತು. ತೂತಿನ ಆಚೆ, "ಅಕ್ಕನಿಗೆ ಹೇಳಬೇಡ."

ಏನೋ ಸಮಾಧಾನ ಹೇಳಬೇಕು ಅಂತ, "ಪಾಪ, ಏನು ತರ್ತಿದ್ರೋ, ಇನ್ನು ಯಾರಿಗೂ ಗೊತ್ತಾಗಲ್ಲ ಬಿಡಿ" ಅಂದೆ.

"ಯಾಕೆ ಗೊತ್ತಾಗಲ್ಲ? ಛತ್ರಿ. ನಾನು ಅವತ್ತೇ ಕದ್ದು ಓದಿದ್ದೆ" ಅಂದರು ಅಕ್ಕ. "ತೂತು ಬಿದ್ದದ್ದು ಕಾಗದಕ್ಕೆ ಮಾರಾಯ, ನನ್ನ ತಲೆಗಲ್ಲ."

೩. ಕೋಣೆ

ಗ್ಯಾರೇಜಿನ ಎಣ್ಣೆ ಜಿಡ್ಡಿನ ನಡುವೆ ಬೀರು ಇರುವುದು ಸರಿಯಲ್ಲ ಅನಿಸಿ, ಒಂದು ಸರ್ಕಾರಿ ಕಚೇರಿಗೆ ಹೋಗಿ ಖಾಲಿ ಕೋಣೆ ಕೇಳಿದೆ. ಸಾಹೇಬರು ಕನ್ನಡಕ, ಕಾಗದ, ಪದಕ ಎಲ್ಲ ನೋಡಿ, "ವಿಮಾನ ಎಲ್ಲಿ?" ಅಂದರು.

"ವಿಮಾನ ಇಲ್ಲ ಸಾರ್."

"ವಿಮಾನ ಇಲ್ದೆ ವಿಮಾನದವರ ಮ್ಯೂಸಿಯಂ ಹೆಂಗ್ರೀ?"

ಗುಮಾಸ್ತರು ಒಳ್ಳೆಯವರು, ಅರ್ಜಿ ತೆಗೆದುಕೊಂಡರು. ವಸ್ತುಗಳು ಯಾರವೋ ಅವರ ಒಪ್ಪಿಗೆ ಸಹಿ ಬೇಕು ಅಂದರು. ಅವರೆಲ್ಲ ಯುದ್ಧದ ಕಾಲದವರು, ತೀರಿಕೊಂಡಿದ್ದಾರೆ ಅಂದೆ. ಗುಮಾಸ್ತರು ಅರ್ಜಿಯ ಮೇಲೆ ಗುರುತು ಹಾಕಿಕೊಂಡು, "ಒರಿಜಿನಲ್ ಕಷ್ಟ ಆದ್ರೆ ಜೆರಾಕ್ಸ್ ಆದ್ರೂ ತನ್ನಿ" ಅಂದರು.

ಅಂತೂ ಮನೆಯವರ ಸಹಿ ಹಾಕಿಸಿದ ಮೇಲೆ ಕೋಣೆ ಸಿಕ್ಕಿತು. ಮಳೆಗಾಲ ಹಿಡಿದ ಮೇಲೆ ಒಂದು ದಿನ ಹೋಗಿ ನೋಡುತ್ತೇನೆ, ಬೀರು ಹೊರಗೆ ಜಗಲಿಯಲ್ಲಿ ನೆನೆಯುತ್ತಾ ನಿಂತಿದೆ. ಕೋಣೆಯ ತುಂಬ ಹೊಸ ಕಸದ ಡಬ್ಬಿಗಳು. ಬೀರಿನ ಬಾಗಿಲು ತೆಗೆದರೆ ಪದಕಗಳ ರಿಬ್ಬನ್ನಿಗೆಲ್ಲ ಬೂಷ್ಟು. ಬರ್ಮಾದ ಮಳೆ ತಡೆದುಕೊಂಡು ಬಂದ ಪದಕ ಮೂಡಿಗೆರೆಯಲ್ಲಿ ಸೋತಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅವನ್ನು ಒಂದೊಂದಾಗಿ ಒರೆಸಿದೆ.

"ಡಬ್ಬಿ ಪ್ಲಾಸ್ಟಿಕ್ಕಿಂದಲ್ವಾ, ಅವನ್ನೇ ಹೊರಗಿಡಬಹುದಿತ್ತು" ಅಂತ ಕೊನೆಗೆ ಗುಮಾಸ್ತರಿಗೆ ಅಂದೆ.

"ಎಂತ ಹೇಳ್ತೀರಿ ಸಾಬ್ರೆ, ಡಬ್ಬಿಗಳ ಉದ್ಘಾಟನೆ ಆಗ್ಲಿಲ್ಲ ಇನ್ನೂ" ಅಂದರು.

ಬೀರು ವಾಪಸು ಗ್ಯಾರೇಜಿಗೆ ಬಂತು.

೪. ಒಂದು ನಿಮಿಷ

ಐವರಲ್ಲಿ ಬದುಕಿರುವವರು ಒಬ್ಬರೇ. ಕಳಸದ ಕಡೆಯವರು, ಎಪ್ಪತ್ತೊಂದರ ಯುದ್ಧದಲ್ಲಿ ಹಾರಿದವರು. ಅವರ ಜೊತೆ ಒಂದೇ ಹಾಸ್ಟೆಲಿನಲ್ಲಿ ಓದಿ, ಒಟ್ಟಿಗೇ ಪಡೆ ಸೇರಿದ ಗೆಳೆಯರೊಬ್ಬರು, ಅವರೂ ಈ ಐವರಲ್ಲೇ ಒಬ್ಬರು, ಅದೇ ಯುದ್ಧದಲ್ಲಿ ಹೋಗಿ ತಿರುಗಿ ಬರಲಿಲ್ಲ. ಇವರ ಲಾಗ್‌ಬುಕ್ಕಿನಲ್ಲಿ, ಅಂದರೆ ಹಾರಿದ್ದನ್ನೆಲ್ಲ ಬರೆದಿಡುವ ಪುಸ್ತಕದಲ್ಲಿ, ಗೆಳೆಯ ತಿರುಗಿ ಬಾರದ ಆ ದಿನದ ಪುಟ ಇದೆ. ಎಷ್ಟು ಸಲ ಕೇಳಿದರೂ ಕೊಟ್ಟಿರಲಿಲ್ಲ.

ಊರಿನ ಒಂದು ಸಂಘದವರು ಐವರನ್ನೂ ನೆನೆಯುವ ಸಮಾರಂಭ ಮಾಡುತ್ತೇವೆ ಅಂದರು. ಗೆಳೆಯನ ಹೆಸರೂ ಇದೆ ಅಂತ ಕೇಳಿ ಇವರು ಬರಲು ಒಪ್ಪಿದರು. ಲಾಗ್‌ಬುಕ್ಕನ್ನು ವೇದಿಕೆಯ ಮೇಲೆ ಕೊಡುತ್ತೇನೆ ಅಂದರು. ನಾನು ಜೀಪಿನಲ್ಲಿ ಕರೆದುಕೊಂಡು ಬಂದೆ. ಮುಂದಿನ ಸಾಲಿನಲ್ಲಿ ಕೂರಿಸಿದೆ.

ನಾನು ಬರೆದುಕೊಟ್ಟ ಪಟ್ಟಿಯಲ್ಲಿ ನಾಲ್ಕು ಹೆಸರಿಗೆ ಮಾತ್ರ ದಿವಂಗತ ಅಂತಿತ್ತು. ನಿರೂಪಕರು ಐದಕ್ಕೂ ದಿವಂಗತ ಓದಿದರು. ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು ಅಂದರು. ಇವರೂ ಊರುಗೋಲು ಹಿಡಿದು ನೆಟ್ಟಗೆ ಎದ್ದು ನಿಂತರು. ನಾನು ವೇದಿಕೆಗೆ ಓಡಿ ಸಂಘದ ಕಾರ್ಯದರ್ಶಿಯ ಕಿವಿಯಲ್ಲಿ ಹೇಳಿದೆ.

"ಗೊತ್ತಿತ್ತು ಸಾಬ್ರೆ. ಪ್ರೆಸ್ಸಿನವರು ಒಂದು ಹೆಸರಿಗೆ ಮಾತ್ರ ದಿವಂಗತ ಇಲ್ದಿದ್ರೆ ಬ್ಯಾನರು ಚೆನ್ನಾಗಿ ಕಾಣಲ್ಲ ಅಂದ್ರು. ಓದುವಾಗ ಬಿಡಬೇಕಿತ್ತು, ಮರೆತುಹೋಯ್ತು" ಅಂದರು.

ಸತ್ತವರನ್ನು ವೇದಿಕೆಗೆ ಕರೆಯುವುದು ಹೇಗೆ? ಕರೆಯಲೇ ಇಲ್ಲ. ಭಾಷಣ ಮುಗಿದು ಜನ ತಿಂಡಿಗೆ ನುಗ್ಗಿದರು. ಲಾಗ್‌ಬುಕ್ಕು ಅವರ ತೊಡೆಯ ಮೇಲೇ ಉಳಿಯಿತು.

ವಾಪಸು ಹೋಗುವಾಗ ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿದೆ. ಅಲ್ಲಿ ನೀರುದೋಸೆ ತರಿಸಿ, ತಲೆ ಎತ್ತಲಾಗದೆ, "ನನ್ನಿಂದ ತಪ್ಪಾಯ್ತು ಸರ್" ಅಂದೆ. ಅವರು ಕೈ ಒರೆಸಿಕೊಂಡು ಲಾಗ್‌ಬುಕ್ಕನ್ನು ನನ್ನ ಕಡೆ ಸರಿಸಿದರು.

"ಇದು ನಿಮ್ಮ ಗ್ಯಾರೇಜಿನಲ್ಲೇ ಇರ್ಲಿ ಸಾರ್ಜೆಂಟ್. ಎಣ್ಣೆ ವಾಸನೆ ನಮಗೆ ಹೊಸದಲ್ಲ."

ಆಮೇಲೆ ಅಂದರು, "ನನ್ನ ಸಾಯಿಸಿದ್ದಕ್ಕೆ ಬೇಜಾರಿಲ್ಲ. ಒಂದು ನಿಮಿಷ ಮೌನ ಅಂದ್ರಲ್ಲ, ನಾನು ವಾಚು ನೋಡ್ತಾ ನಿಂತಿದ್ದೆ. ಇಪ್ಪತ್ತು ಸೆಕೆಂಡಿಗೆ ಎಲ್ಲ ಕೂತ್ರು. ಐದು ಜನಕ್ಕೆ ಹಂಚಿದ್ರೆ ತಲೆಗೆ ನಾಲ್ಕು."

ಕಾಫಿಯ ಲೋಟ ಎತ್ತಿಕೊಂಡರು.

"ನಾನಿನ್ನೂ ಇದ್ದೀನಲ್ಲ, ನನ್ನ ನಾಲ್ಕನ್ನ ನಮ್ಮ ಹಾಸ್ಟೆಲಿನವನಿಗೆ ಕೊಟ್ಟುಬಿಡಿ ಅಂತ ನಿಮ್ಮ ಕಾರ್ಯದರ್ಶಿಗೆ ಹೇಳಿ."