ದೊಡ್ಡಮ್ಮ ಬಂದಳೆಂದರೆ ಮಗುವಿಗೆ ಹಸಿವೆ

ನಮ್ಮ ದೊಡ್ಡಮ್ಮನಿಗೆ ಮಂತ್ರ ಬರುತ್ತದೆಂದು ಹೊನ್ನಾವರ ಪಕ್ಕದ ಕಾಸರಕೋಡದ ಅರ್ಧ ಜನ ನಂಬಿದ್ದಾರೆ. ಉಳಿದರ್ಧ ಜನ ನಂಬಿಲ್ಲ. ಅವರ ಮನೆಯಲ್ಲಿ ಸದ್ಯ ಹಸುಗೂಸಿಲ್ಲ, ಅಷ್ಟೇ!

ಮಗು ಅತ್ತರೆ ತಾಯಿಗೆ ಹಸಿವೆಯೆಂದು ಗೊತ್ತಾಗುವುದು ಲೋಕರೂಢಿ. ಅಳುವ ಮೊದಲೇ, ನಾಲ್ಕು ಮನೆಯಾಚೆ ಬಂಗಡೆ ಮೀನು ಹೆಚ್ಚುತ್ತಾ ಕೂತ ಹೆಂಗಸಿಗೆ ಗೊತ್ತಾದರೆ ಅದಕ್ಕೇನನ್ನಬೇಕು? ನನ್ನ ಅಮ್ಮನ ಅಕ್ಕನಾದ ಈ ದೊಡ್ಡಮ್ಮ ಹೆಚ್ಚುವುದನ್ನು ನಿಲ್ಲಿಸಿ, ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಕಣ್ಣು ಎಲ್ಲೋ ನೆಟ್ಟು, "ಹಸೀತು" ಎನ್ನುತ್ತಾಳೆ. ಆಮೇಲೆ ಬರಿಗಾಲಲ್ಲಿ ಸದ್ದಿಲ್ಲದೆ ನಡೆದು, ಬಾಗಿಲು ತಟ್ಟದೆ ಒಳಹೊಕ್ಕು, ತೊಟ್ಟಿಲ ಪಕ್ಕ ಬಂದು ನಿಲ್ಲುತ್ತಾಳೆ. ಬೆನ್ನ ಹಿಂದೆ ಹಾಗೆ ಆಕೆಯನ್ನು ಕಂಡು ಚೀರಿದ ಬಾಣಂತಿಯರು ಎಷ್ಟೋ. ಮಕ್ಕಳು ಮಾತ್ರ ಒಂದೂ ಚೀರಿಲ್ಲ. ಅವು ಆಕೆಗಾಗಿಯೇ ಕಾದಿದ್ದಂತೆ ಕಣ್ಣುಬಿಟ್ಟು ನೋಡುತ್ತವೆ. ಅದನ್ನು ನೋಡಿದರೇ ನನಗೆ ಮೈ ಜುಮ್ಮೆನ್ನುತ್ತಿತ್ತು.

ಒಮ್ಮೆ ಕುಮಟಾದಲ್ಲಿ ಮದುವೆ ಊಟ. ಎಲೆಗೆ ಹೋಳಿಗೆ ಬಿದ್ದಿದೆ, ಮೇಲೆ ತುಪ್ಪ ಬೀಳಬೇಕು, ಅಷ್ಟರಲ್ಲಿ ದೊಡ್ಡಮ್ಮ ಎದ್ದಳು. ನಾನೂ ಹಿಂದೆ ಓಡಿದೆ. ಮಹಡಿಯ ಕೊನೆಯ ಕೋಣೆ, ಬಾಗಿಲು ಅರೆ ಮುಚ್ಚಿದೆ, ಒಳಗೆ ಸೀರೆಗಳ ರಾಶಿಯ ನಡುವೆ ಒಂದು ಮಗು ತನ್ನ ಮುಷ್ಟಿಯನ್ನು ತಾನೇ ಚೀಪುತ್ತಿದೆ! ತಾಯಿ ಕೆಳಗೆ ಫೋಟೋಕ್ಕೆ ನಿಂತಿದ್ದಾಳೆ. ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಹೋಗಿ ಆಕೆಯ ಕೈಗಿತ್ತು, "ಫೋಟೋ ಓಡಿಹೋಗೂದಿಲ್ಲ, ಹಾಲು ಕುಡ್ಸು" ಎಂದಳು. ಫೋಟೋದಲ್ಲಿ ವಧೂವರರ ನಡುವೆ ನಮ್ಮ ದೊಡ್ಡಮ್ಮನೇ ಇದ್ದಾಳೆ, ಕಣ್ಣು ಕೆಂಡವಾಗಿ!

ಭಟ್ಕಳದ ಬಟ್ಟೆ ಅಂಗಡಿಯಲ್ಲಿ ಇನ್ನೊಂದು. ಬುರ್ಖಾ ತೊಟ್ಟ ಹುಡುಗಿಯೊಬ್ಬಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಟ್ಟೆ ನೋಡುತ್ತಿದ್ದಳು. ದೊಡ್ಡಮ್ಮ ಹಿಂದಿನಿಂದ ಹೋಗಿ ಕೊಂಕಣಿಯಲ್ಲಿ, ಮಗುವಿಗೆ ಹಸಿವಾಗಿದೆ ಎಂದಳು. ಆಕೆ ಗಾಬರಿಯಾಗಿ, ಈಗಷ್ಟೇ ಕುಡಿದಿದೆ ಎಂದಳು. ಆ ಮಾತು ಮುಗಿಯುವುದಕ್ಕೂ ಮಗು ಬಾಯಿ ತೆರೆದು ಹೆಗಲಲ್ಲಿ ತಡಕುವುದಕ್ಕೂ ಸರಿಹೋಯಿತು. ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಅವ್ರು ಡಾಕ್ಟರಾ?"

"ಅಲ್ಲ, ನಮ್ಮ ದೊಡ್ಡಮ್ಮ" ಎಂದೆ. ಆಕೆಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಬಾಣಂತನಕ್ಕೆ ತವರಿಗೆ ಬಂದ ನಾನು ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು! ಮೂರು ತಾಸಿಗೊಮ್ಮೆ ಹಾಲು, ಒಂದೊಂದು ಬದಿಗೆ ಹತ್ತು ನಿಮಿಷ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮೊಬೈಲಿನಲ್ಲಿ ಅಲಾರಂ ಇಟ್ಟೆ. ದೊಡ್ಡಮ್ಮ ಬಂದು ನೋಡಿದಳು.

"ಇದೆಂತದು, ಬಸ್ಸಿನ ಟೈಮಾ?"

"ಮಗಳಿಗೆ ಹಾಲು ಕುಡಿಸೋ ಟೈಮು ದೊಡ್ಡಮ್ಮ."

"ಅವ್ಳಿಗೆ ಓದೂಕೆ ಬತ್ತದಾ?"

ನಾನು ಅಲಾರಂ ಸರಿಮಾಡತೊಡಗಿದೆ. ಆಕೆಯೇ ಹೇಳಿದಳು: "ಗಡಿಯಾರ ನೋಡ್ಬೇಡ ತಂಗಿ, ಕೂಸಿನ ಬಾಯಿ ನೋಡು. ಚಪ್ಪರಿಸ್ತು ಅಂದ್ರೆ ಕೊಡು. ಅದಾಗೇ ಬಿಡೂ ತನಕ ಕೊಡು."

ಮಗಳು ಯಾರ ಮಾತನ್ನೂ ಕೇಳಲಿಲ್ಲ. ಹುಟ್ಟಿದ ನಾಲ್ಕನೆಯ ದಿನದಿಂದ ಬರೀ ನಿದ್ದೆ. ಅಲಾರಂ ಹೊಡೆದಾಗ ಎತ್ತಿಕೊಂಡರೆ ಎರಡು ಗುಟುಕು ಚೀಪಿ ಮತ್ತೆ ಮಲಗುವಳು. ನೋಡಲು ಬಂದವರೆಲ್ಲ, "ಎಷ್ಟು ಚೊಲೋ ಕೂಸು! ಅಳೂದೇ ಇಲ್ಲ! ಮಲಗಿದ್ದನ್ನು ಎಬ್ಬಿಸ್ಬೇಡ" ಎಂದರು. ನಾನೂ ಹಿಗ್ಗಿದೆ. ಕುಡಿಯದಿದ್ದರೂ ವೇಳಾಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದೆ, ಹಾಜರಿ ಪುಸ್ತಕದಲ್ಲಿ ಹಾಕುವ ಹಾಗೆ.

ಐದನೆಯ ದಿನ ಮಧ್ಯಾಹ್ನ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಣಮೀನಿನ ಹಾಸಿನ ಮೇಲೆ ದಿನವಿಡೀ ಕಿತ್ತಾಡುವ ಕಾಗೆಗಳೂ ಯಾಕೋ ಸುಮ್ಮನಿದ್ದವು. ಯಾರೋ ನೋಡುತ್ತಿದ್ದಾರೆ ಅನ್ನಿಸಿ ತಿರುಗಿದೆ. ಹೊಸ್ತಿಲಾಚೆ ದೊಡ್ಡಮ್ಮ. ಅರ್ಧ ಸ್ನಾನದಲ್ಲಿ ಎದ್ದು ಬಂದಿದ್ದಾಳೆ, ಕೂದಲಲ್ಲಿ ಸೋಪಿನ ನೊರೆ, ಸೀರೆಯಿಂದ ನೀರು ತೊಟ್ಟಿಕ್ಕುತ್ತಿದೆ. ಯಾವತ್ತೂ ಕೇಳದೆ ಒಳನುಗ್ಗುವವಳು ಅಂದು ಒಳಗೆ ಕಾಲಿಡಲಿಲ್ಲ. ಹೆದರಿದವಳ ಹಾಗೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಎಂತಕ್ಕೆ ಇಷ್ಟು ಸುಮ್ನಿದೆ ಇದು?"

"ಮಲಗಿದ್ದಾಳೆ ದೊಡ್ಡಮ್ಮ."

"ನಿನ್ನೆಯಿಂದ ಎಷ್ಟು ಉಚ್ಚೆಬಟ್ಟೆ ಬದಲು ಮಾಡ್ದೆ?"

ಎಣಿಸಿದೆ. ಗಣಿತದ ಟೀಚರಿಗೆ ಒಂದರಿಂದ ಮುಂದೆ ಎಣಿಸಲಾಗಲಿಲ್ಲ.

"ಇದು ನಿದ್ದೆ ಅಲ್ಲ ತಂಗಿ" ಎಂದು ಆಕೆ ಒಳಬಂದಳು. ಮಗಳ ಬಟ್ಟೆ ಬಿಚ್ಚಿದಳು, ಅಂಗಾಲು ತಿಕ್ಕಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಮಗಳು ತುಟಿ ಅಲ್ಲಾಡಿಸಿದಳು, ಕಣ್ಣು ತೆರೆಯಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಾಗ ಮೈ ಅರಿಸಿನ ಹಚ್ಚಿದ ಹಾಗಿತ್ತು. ನಾನು ದಿನವಿಡೀ ನೋಡುತ್ತಿದ್ದೆನಲ್ಲ, ನನಗೇಕೆ ಕಂಡಿರಲಿಲ್ಲ?

ಆಟೋ ಶರಾವತಿ ಸೇತುವೆ ದಾಟುವಷ್ಟೂ ಹೊತ್ತು ದೊಡ್ಡಮ್ಮ ಮಗಳ ಕಿವಿಯಲ್ಲಿ "ಏಳೇ, ಏಳೇ" ಎನ್ನುತ್ತಿದ್ದಳು. ಹೊನ್ನಾವರದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಹಾಲು ಸಾಲದೆ ಮೈಯ ನೀರು ಇಳಿದಿದೆ, ಕಾಮಾಲೆಯೂ ಏರಿದೆ, ಇವತ್ತೇ ತಂದದ್ದು ಒಳ್ಳೆಯದಾಯಿತು ಎಂದರು. ಇಷ್ಟು ಎಳೆಯ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯಬೇಕು, ತಾನಾಗಿ ಏಳದಿದ್ದರೆ ಎರಡು ಮೂರು ತಾಸಿಗೊಮ್ಮೆ ಎಬ್ಬಿಸಿಯಾದರೂ ಕುಡಿಸಬೇಕು ಎಂದೂ ಹೇಳಿದರು.

ಮಗಳನ್ನು ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ದೊಡ್ಡಮ್ಮ ಗೋಡೆಯಾಚೆ ಬೆಂಚಿನ ಮೇಲೆ ಕೂತಳು, ಮಗು ಆಕೆಗೆ ಕಾಣುತ್ತಿರಲಿಲ್ಲ. ಆಗಾಗ ಅಲ್ಲಿಂದಲೇ ಕೂಗಿ "ಈಗ" ಎನ್ನುವಳು. ನರ್ಸು ಮೊದಲು ಗದರಿದಳು. ಆಮೇಲೆ ನೋಡಿದರೆ ಪ್ರತಿ ಸಲವೂ ಮಗಳ ತುಟಿ ಅಲ್ಲಾಡುತ್ತಿದೆ! ಎರಡನೆಯ ದಿನ ನರ್ಸು ನನ್ನ ಕೈಹಿಡಿದು, "ಅಕ್ಕಾ, ನಂಗೆ ಇವ್ರನ್ನ ಕಂಡ್ರೆ ಹೆದ್ರಿಕೆ ಆಗ್ತದೆ" ಎಂದಳು. ಆದರೂ ಆಕೆ ಪಕ್ಕದ ತೊಟ್ಟಿಲ ಮಗುವಿನ ಬಗ್ಗೆಯೂ ದೊಡ್ಡಮ್ಮನನ್ನೇ ಕೇಳತೊಡಗಿದಳು!

ಮಗಳು ಚೇತರಿಸಿಕೊಂಡಳು. ಮನೆಗೆ ಬಂದ ದಿನ ದೊಡ್ಡಮ್ಮನ ತೊಡೆಯ ಮೇಲೆ ಅವಳನ್ನು ಮಲಗಿಸಿ ಕೇಳಿಯೇಬಿಟ್ಟೆ: "ನಿನಗೆ ಅದು ಹೇಗೆ ಕೇಳಿಸ್ತದೆ ದೊಡ್ಡಮ್ಮ?"

"ಕೇಳೂದೆಂತದೂ ಇಲ್ಲ." ಮಗಳ ಕಾಲ್ಬೆರಳುಗಳನ್ನು ಒಂದೊಂದಾಗಿ ಸವರುತ್ತಾ ಹೇಳಿದಳು: "ನಂಗೂ ಒಂದು ಇತ್ತು ತಂಗಿ. ಹೆಣ್ಣೇ. ಒಂಬತ್ತೇ ದಿನ ಇದ್ದದ್ದು. ಒಂದಿನಾನೂ ರಗಳೆ ಮಾಡ್ಲಿಲ್ಲ. ಬಂದವ್ರ ಹತ್ರೆಲ್ಲ ಹೇಳ್ಕಂಡು ಖುಷಿಪಟ್ಟೆ. ಆ ಸುಮ್ನಿರೂದು ಅಂತ ಇತ್ತಲ, ಅದ್ರ ಗುರ್ತು ಮಾತ್ರ ನಂಗೆ ಉಳೀತು."

ಅಷ್ಟರಲ್ಲಿ ಮಗಳು ಮುಖ ಕೆಂಪಗೆ ಮಾಡಿ, ಮುಷ್ಟಿ ಬಿಗಿದು, ಮನೆ ಹಾರಿಹೋಗುವಂತೆ ಅಳತೊಡಗಿದಳು. ಎತ್ತಿಕೊಳ್ಳಲು ಕೈಚಾಚಿದೆ. ದೊಡ್ಡಮ್ಮ ನನ್ನ ಕೈಯನ್ನು ಮೆಲ್ಲಗೆ ತಡೆದಳು.

"ಕೊಡ್ತೆ ನಾನು. ಒಂದ್ ಗಳಿಗೆ ತಡಿ ತಂಗಿ. ಚೂರು ಅಳ್ಲಿ."

ಹಾಲು ಸೋರಿ ನನ್ನ ರವಿಕೆ ಒದ್ದೆಯಾಗುತ್ತಿತ್ತು. ದೊಡ್ಡಮ್ಮ ಕಣ್ಣುಮುಚ್ಚಿ ಆ ಅಳುವನ್ನು ಕೇಳುತ್ತಾ ಕೂತಿದ್ದಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.