ಸೀಮೆಸುಣ್ಣದ ಗೆರೆಯೊಳಗಿನ ಮುದ್ದೆ

ನನಗೆ ಸಂತೋಷ ಜಾಸ್ತಿಯಾದರೆ ತಲೆ ಓಡುವುದಿಲ್ಲ. ದುಃಖದಲ್ಲಿ ಪರವಾಗಿಲ್ಲ, ಸುಮಾರಾಗಿ ಓಡುತ್ತದೆ. ಮದುವೆಯಾದ ಖುಷಿಯಲ್ಲಿ ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ಮಾವನವರ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಬಂದವನು ನಾನು. ಮಗಳು ಹುಟ್ಟಿದ ದಿನ ಗಿರಾಕಿಯೊಬ್ಬರ ಪ್ಯಾಂಟಿಗೆ ಮೂರೂ ಜೇಬನ್ನು ಒಂದೇ ಕಡೆಗೆ ಹೊಲಿದು ಕೊಟ್ಟಿದ್ದೆ. ಪುಣ್ಯಾತ್ಮ, ಒಂದು ಮಾತೂ ಆಡದೆ ಎರಡು ವರ್ಷ ಅದನ್ನೇ ಹಾಕಿಕೊಂಡು ಓಡಾಡಿದ. ಈಗ ಆ ಮಗಳಿಗೆ ಮಗಳು ಹುಟ್ಟಿದ್ದಾಳೆ. ಹಾಗಾಗಿ ನನ್ನ ತಲೆ ಈಗ ಹತ್ತು ತಿಂಗಳಿಂದ ರಜೆಯ ಮೇಲಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಹೇಳುವುದನ್ನು ಓದಿ ನಗುವವರು ಇದನ್ನು ಗಮನದಲ್ಲಿಟ್ಟುಕೊಂಡು ಸ್ವಲ್ಪ ಮೆಲ್ಲಗೆ ನಗಬೇಕು.

ನಾನು ತುಮಕೂರಿನಲ್ಲಿ ನಲವತ್ತು ವರ್ಷ ಟೈಲರ್ ಆಗಿದ್ದವನು. ಓದಿದ್ದು ನಾಲ್ಕನೇ ಕ್ಲಾಸು. ಕನ್ನಡವನ್ನು ಕೂಡಿಸಿಕೊಂಡು ಓದುತ್ತೇನೆ, ಹೀಗೆ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ ಇವೆ ಎಂಬ ಸುದ್ದಿ ಗೊತ್ತು, ಪರಿಚಯ ಇಲ್ಲ. ಈಗ ಇರುವುದು ನ್ಯೂಜಿಲೆಂಡಿನ ಪುಕೆಕೊಹೆಯಲ್ಲಿ. ಇಲ್ಲಿ ಮಗಳು ಸವಿತಾ ತರಕಾರಿ ತೊಳೆದು ಪ್ಯಾಕು ಮಾಡುವ ಕಾರ್ಖಾನೆಯೊಂದರಲ್ಲಿ ತೂಕ, ಗುಣ ನೋಡುವ ತಪಾಸಣೆಯ ಕೆಲಸ ಮಾಡುತ್ತಾಳೆ. ಅಳಿಯ ಪ್ರಕಾಶ ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಇಂಜಿನಿಯರು, ದಿನಾ ಹ್ಯಾಮಿಲ್ಟನ್ ಕಡೆಗೆ ಕಾರು ಓಡಿಸಿಕೊಂಡು ಹೋಗುತ್ತಾರೆ. ಬಾಣಂತನಕ್ಕೆ ನನ್ನ ಹೆಂಡತಿ ಬಂದಿದ್ದಳು. ಅವಳ ವೀಸಾ ಮುಗಿಯುವ ಹೊತ್ತಿಗೆ ಸರಿಯಾಗಿ ಮಗಳ ಕೈ ಹಿಡಿದುಕೊಂಡಿತು. ಹೆಂಡತಿ ಅತ್ತುಕೊಂಡು ಊರಿನಲ್ಲಿ ವಿಮಾನ ಇಳಿದಳು, ನಾನು ನಗುತ್ತಾ ವಿಮಾನ ಹತ್ತಿದೆ. ನಗು ಯಾಕೆಂದರೆ ಮೊಮ್ಮಗಳನ್ನು ಅಲ್ಲಿಯವರೆಗೆ ಫೋನಿನಲ್ಲಿ ಮಾತ್ರ ನೋಡಿದ್ದೆ. ಫೋನಿನಲ್ಲಿ ಅವಳ ವಾಸನೆ ಬರುವುದಿಲ್ಲ.

ಮೊಮ್ಮಗಳ ಹೆಸರು ಚಿನ್ಮಯಿ. ನಾವು ಚಿನ್ನಿ ಅನ್ನುತ್ತೇವೆ. ಕೆಳಗೆ ಒಂದೂವರೆ ಹಲ್ಲು ಬಂದಿದೆ. ಆ ಅರ್ಧ ಹಲ್ಲಿನ ಬಗ್ಗೆಯೇ ನಾಲ್ಕು ಪುಟ ಬರೆಯಬಲ್ಲೆ, ಆದರೆ ವಿಷಯಕ್ಕೆ ಬರಬೇಕು. ಸವಿತಾಗೆ ಬಂದದ್ದು ಕೀಲುಗಳು ಊದಿಕೊಳ್ಳುವ ಕಾಯಿಲೆ. ಹೆರಿಗೆಯ ನಂತರ ಕೆಲವರಿಗೆ ಹೀಗೆ ಕಾಣಿಸಿಕೊಳ್ಳುತ್ತದಂತೆ. ನಮ್ಮ ಮೈಯನ್ನು ಕಾಯಬೇಕಾದ ಕಾವಲುಗಾರನಿಗೇ ಗುರುತು ತಪ್ಪಿ, ಮನೆಯವರನ್ನೇ ಕಳ್ಳರೆಂದು ಹಿಡಿದು ಬಡಿಯುತ್ತಾನಂತೆ. ಪ್ರಕಾಶ ಹೀಗೆ ಬಿಡಿಸಿ ಹೇಳಿದಾಗ ನನಗೆ ಅರ್ಥವಾಯಿತು. "ಹಂಗಾದ್ರೆ ಅವನನ್ನ ಕೆಲಸದಿಂದ ತೆಗೆದುಹಾಕಿ" ಅಂದೆ. "ತೆಗೆಯಕ್ಕಾಗಲ್ಲ ಮಾವ, ಸಮಾಧಾನ ಮಾಡ್ಕೊಂಡು ಇಟ್ಕೋಬೇಕು ಅಷ್ಟೇ" ಅಂದರು. ಬೆಳಗ್ಗೆ ಎದ್ದಾಗ ಅವಳ ಬೆರಳುಗಳು ಮಡಚುವುದಿಲ್ಲ, ಮಣಿಕಟ್ಟು ತಿರುಗುವುದಿಲ್ಲ. ಹತ್ತು ಗಂಟೆಯವರೆಗೂ ಹೀಗೇ. ತೊಟ್ಟಿಲಿನಲ್ಲಿ ಚಿನ್ನಿ ಕೈ ಚಾಚಿ ಕೂಗುತ್ತಿದ್ದರೆ ಸವಿತಾ ಹಾಸಿಗೆಯ ಅಂಚಿನಲ್ಲಿ ಕೂತು ನೋಡುತ್ತಾಳೆ. "ಎತ್ಕೊಂಡು ಎಲ್ಲಿ ಬೀಳಿಸಿಬಿಡ್ತೀನೋ ಅಂತ ಭಯ ಕಣಪ್ಪಾ. ನನ್ನ ಮಗೂನ ನಾನೇ ಎತ್ಕೊಳ್ಳಕ್ಕಾಗಲ್ಲ ಅಂದ್ರೆ ಏನಪ್ಪಾ ಇದು" ಎಂದು ನಾನು ಬಂದ ಮೊದಲ ದಿನವೇ ಅತ್ತಳು. ಅವತ್ತಿನಿಂದ ಬೆಳಗಿನ ಹೊತ್ತು ಚಿನ್ನಿ ನನ್ನ ಹೆಗಲ ಮೇಲೆ. ಮಗಳು ಅಳುತ್ತಿರುವಾಗ ನನ್ನ ಹೆಗಲಿಗೆ ಅಷ್ಟೊಂದು ಖುಷಿಯಾಗುವುದು ಸರಿಯೋ ತಪ್ಪೋ ಎಂದು ಯೋಚಿಸಿದೆ. ತೀರ್ಮಾನಕ್ಕೆ ಬರುವಷ್ಟರಲ್ಲಿ ಚಿನ್ನಿ ನನ್ನ ಕನ್ನಡಕ ಕಿತ್ತುಕೊಂಡಳು.

ದೊಡ್ಡ ಡಾಕ್ಟರು ಮಾತ್ರೆ ಕೊಟ್ಟಿದ್ದರು. ಅದರ ಜೊತೆಗೆ ಊಟವನ್ನೂ ಸರಿ ಮಾಡಿಕೊಳ್ಳಲಿ ಎಂದು ಊಟದ ಡಾಕ್ಟರ ಹತ್ತಿರ ಕಳಿಸಿದರು. ಡಯಟೀಷಿಯನ್ ಅಂತಾರಂತೆ. ಆಕೆಯ ಹೆಸರು ಅರೋಹಾ, ಇಲ್ಲಿಯ ಮೂಲನಿವಾಸಿ ಮಾವೊರಿ ಹೆಂಗಸು, ದೊಡ್ಡ ನಗೆಯವರು. ನನಗೆ ಅವರು ಅರೋಹಮ್ಮ. ಅರೋಹಮ್ಮ ಹೇಳಿದ್ದನ್ನು ಸವಿತಾ ಕನ್ನಡಕ್ಕೆ ತಿರುಗಿಸಿ ಹೇಳಿದಳು: "ಮಾತ್ರೆ ಮಾತ್ರೆಯ ಕೆಲಸ ಮಾಡ್ಲಿ, ಊಟ ಊಟದ ಕೆಲಸ ಮಾಡ್ಲಿ ಅಂತಾರೆ. ರಕ್ತದಲ್ಲಿ ಕಬ್ಬಿಣದಂಶ ಕಮ್ಮಿ ಇದೆ. ಸತ್ವ ಇರೋದು ತಿನ್ಬೇಕು. ಸೊಪ್ಪು, ಕಾಳು, ಬಣ್ಣ ಬಣ್ಣದ ತರಕಾರಿ. ತೂಕ ಏರಬಾರದು, ಕೀಲಿಗೆ ಭಾರ." ಆಮೇಲೆ ಒಂದೂವರೆ ತಿಂಗಳಿಗೆ ದೊಡ್ಡ ಡಾಕ್ಟರು ಮತ್ತೆ ನೋಡುತ್ತಾರೆ, ಸುಧಾರಿಸದಿದ್ದರೆ ಇನ್ನೂ ಜೋರಾದ ಔಷಧಿ ಶುರುಮಾಡಬೇಕಾಗಬಹುದು ಎಂದೂ ಹೇಳಿದಳು. ಅದನ್ನು ಹೇಳುವಾಗ ಅವಳ ದನಿ ಸಣ್ಣದಾಯಿತು. ಅಡುಗೆಮನೆ ಇನ್ನು ಮೇಲೆ ನನ್ನದು ಎಂದು ನಾನು ಆ ಕ್ಷಣವೇ ಘೋಷಿಸಿದೆ.

ಗೊಂದಲ ಶುರುವಾದದ್ದು ಅಲ್ಲಿಂದ. ನಮ್ಮಲ್ಲಿ ಅಡುಗೆಗೆ ಹಾಕುವ ಅರಿಶಿನ ಇಲ್ಲಿ ಔಷಧಿ ಅಂಗಡಿಯಲ್ಲಿ ಗುಳಿಗೆಯಾಗಿ ಕೂತಿದೆ. ತುಮಕೂರಿನಲ್ಲಿ ಗೋಡೆಯಾಚೆಯಿಂದ ಕಿತ್ತುಕೊಳ್ಳುವ ನುಗ್ಗೆಸೊಪ್ಪು ಇಲ್ಲಿ ಪುಡಿಯಾಗಿ ಡಬ್ಬಿ ಸೇರಿದೆ. ಕೇಲ್ ಎಂಬ ಸೊಪ್ಪನ್ನು ಮೊದಲ ಸಲ ನೋಡಿದಾಗ ತೊಳೆಯಬೇಕೋ ಇಸ್ತ್ರಿ ಮಾಡಬೇಕೋ ತಿಳಿಯಲಿಲ್ಲ, ಅಷ್ಟೊಂದು ನೆರಿಗೆ. ಸಿಲ್ವರ್‌ಬೀಟ್ ಎಂಬುದು ಮಾತ್ರ ನಮ್ಮ ಪಾಲಕ್ಕಿನ ದಾಯಾದಿಯ ಹಾಗೆ ಕಂಡಿತು, ಅದನ್ನು ಹಿಡಿದುಕೊಂಡೆ. ಇನ್ನು ಊರಿನಿಂದ ಹೆಂಡತಿಯ ಫೋನು. "ರೀ, ಎಳೆ ಬಾಣಂತಿಗೆ ಸೊಪ್ಪು ಕೊಟ್ಟು ಮಗೂಗೆ ಹೊಟ್ಟೆನೋವು ತರಿಸ್ಬೇಡಿ!" ಎಂಟು ತಿಂಗಳಾಯಿತಲ್ಲೇ ಅಂದರೆ, "ಎಂಟು ತಿಂಗಳು ಅಂದ್ರೇನು, ನನಗಿನ್ನೂ ಬಾಣಂತಿನೇ" ಅನ್ನುತ್ತಾಳೆ. ಒಂದು ಕಿವಿಯಲ್ಲಿ ಅರೋಹಮ್ಮ, ಇನ್ನೊಂದು ಕಿವಿಯಲ್ಲಿ ಇವಳು, ನಡುವೆ ನನ್ನ ರಜೆಯಲ್ಲಿರುವ ತಲೆ.

ಅರೋಹಮ್ಮ ಒಂದು ಕಾಗದ ಕೊಟ್ಟಿದ್ದರು. ಅಕ್ಷರ ನನಗೆ ಬೇಕಾಗಲಿಲ್ಲ, ಚಿತ್ರ ಸಾಕಾಯಿತು. ಒಂದು ದುಂಡನೆಯ ತಟ್ಟೆ. ಅದರ ಅರ್ಧದಲ್ಲಿ ಸೊಪ್ಪು ತರಕಾರಿ, ಕಾಲುಭಾಗದಲ್ಲಿ ಕಾಳು ಮೊಟ್ಟೆ, ಇನ್ನು ಕಾಲುಭಾಗದಲ್ಲಿ ರಾಗಿಯೋ ಅನ್ನವೋ. ನೋಡಿದ ತಕ್ಷಣ ನನಗೆ ಮೈಯೆಲ್ಲ ಹುರುಪು ಬಂತು. ಇದು ಊಟದ ಚಿತ್ರವೇ ಅಲ್ಲ, ಕಟಿಂಗಿನ ಚಿತ್ರ! ಛತ್ರಿ ಫ್ರಾಕಿಗೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಾಲು ಚಕ್ರ ಕತ್ತರಿಸುವುದನ್ನು ನಾನು ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಸ್ಟೀಲಿನ ತಟ್ಟೆಯನ್ನು ಪೇಪರಿನ ಮೇಲೆ ಬೋರಲು ಹಾಕಿ, ಸುತ್ತ ಗೆರೆ ಎಳೆದು, ಮಡಿಸಿ ಕತ್ತರಿಸಿ, ಆ ಅಳತೆ ಇಟ್ಟು ತಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಮೂರು ಗುರುತು ಹಾಕಿದೆ. ಒಂದು ನೂಲೂ ಆಚೀಚೆ ಇಲ್ಲ. ಸವಿತಾ ದಿನಾ ರಾತ್ರಿಯೂಟದ ತಟ್ಟೆಯನ್ನು ಮೇಲಿನಿಂದ ಫೋಟೋ ತೆಗೆದು ಅರೋಹಮ್ಮನಿಗೆ ಕಳಿಸಬೇಕಿತ್ತು. ಮೊದಲ ಫೋಟೋಗೇ ಅವರಿಂದ ಒಂದು ಹೆಬ್ಬೆಟ್ಟು, ಎರಡು ಹೂವು ಬಂದವು. ನಾಲ್ಕನೇ ಕ್ಲಾಸಿನಲ್ಲಿ ನನಗೆ ಯಾರೂ ಹೂವು ಕೊಟ್ಟಿರಲಿಲ್ಲ.

ರಾಗಿ ಒಳ್ಳೆಯದು ಎಂದು ಅವರೇ ಹೇಳಿದ್ದರಿಂದ ದಿನವೂ ಮುದ್ದೆ. ಆದರೆ ದುಂಡನೆಯ ಮುದ್ದೆ ಕಾಲು ಚಕ್ರದ ಮೂಲೆಯಲ್ಲಿ ಕೂರುವುದಿಲ್ಲ, ಗೆರೆ ದಾಟುತ್ತದೆ. ಹಾಗಾಗಿ ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಒತ್ತಿ ಒತ್ತಿ, ಬದಿಗಳನ್ನು ನೇರ ಮಾಡಿ, ಮೇಲಕ್ಕೆ ಏರಿಸಿದೆ. ಹಿಟ್ಟು ಎಷ್ಟು ಎಂದರೆ ನಮ್ಮ ಮನೆಯಲ್ಲಿ ಯಾವತ್ತೂ ಹಾಕುವಷ್ಟೇ. ಒಂದು ಮುದ್ದೆ ಅಂದರೆ ಒಂದು ಮುದ್ದೆ, ಅದರಲ್ಲಿ ಕಮ್ಮಿ ಜಾಸ್ತಿ ಎಂಬುದು ನಮ್ಮ ವಂಶದಲ್ಲೇ ಇಲ್ಲ. ದೇವರಾಯನದುರ್ಗದ ಬೆಟ್ಟ ಪಕ್ಕದೂರಿನ ಗಡಿ ದಾಟದೆ ನಿಂತ ಹಾಗೆ ಅದು ಗೆರೆಯೊಳಗೆ ನಿಂತಿತು. ಸೊಪ್ಪಿನ ಪಲ್ಯ ಮಾತ್ರ ಅರ್ಧ ತಟ್ಟೆ ತುಂಬಬೇಕಲ್ಲ, ಅದನ್ನು ಲೈನಿಂಗ್ ಬಟ್ಟೆ ಹರಡಿದ ಹಾಗೆ ತೆಳ್ಳಗೆ, ಸುಕ್ಕಿಲ್ಲದೆ ಹರಡಿದೆ. ಸಾರು ಮಾತ್ರ ನನ್ನ ಮಾತು ಕೇಳಲಿಲ್ಲ. ಯಾವ ಭಾಗಕ್ಕೆ ಹಾಕಿದರೂ ಗೆರೆ ದಾಟಿ ಹರಿಯಿತು. ನೀರಿಗೆ ಹೊಲಿಗೆ ಹಾಕುವುದು ಹೇಗೆ? ಕಡೆಗೆ ಬಟ್ಟಲಿನಲ್ಲಿ ಬೇರೆ ಕೊಟ್ಟೆ. ಚಿತ್ರದಲ್ಲಿ ಬಟ್ಟಲು ಇರಲಿಲ್ಲ, ಆದ್ದರಿಂದ ಫೋಟೋದಲ್ಲೂ ಇರಲಿಲ್ಲ.

ಮೂರು ವಾರ ಕಳೆಯಿತು. ರಕ್ತ ನೋಡಿದರೆ ಕಬ್ಬಿಣದಂಶ ಇದ್ದಲ್ಲೇ ಇದೆ. ತೂಕ ಮಾತ್ರ ಏರಿದೆ. ಸುಸ್ತು ಹಾಗೇ, ಬೆಳಗಿನ ಬೆರಳು ಹಾಗೇ. ಅರೋಹಮ್ಮ ತಲೆ ಕೆರೆದುಕೊಂಡರಂತೆ. "ನಿಮ್ಮ ತಟ್ಟೆಯಂಥ ತಟ್ಟೆ ನಾನು ನೋಡೇ ಇಲ್ಲ. ಮತ್ಯಾಕೆ ಹೀಗೆ? ಇನ್ನೊಂದಷ್ಟು ಪರೀಕ್ಷೆ ಮಾಡ್ಸಿ ಅಂತ ದೊಡ್ಡ ಡಾಕ್ಟರಿಗೆ ಬರೀಬೇಕಾಗುತ್ತೆ" ಅಂದರಂತೆ. ಮಗಳ ಮುಖ ಬಾಡಿಹೋಯಿತು. "ಊಟಾನೂ ಕೈ ಕೊಡ್ತು ನೋಡಪ್ಪಾ" ಅಂದಳು. ನನ್ನ ಕೈ ಕೊಟ್ಟ ಊಟವೇ ಕೈ ಕೊಟ್ಟಿತೆಂದರೆ ನಾನು ಎಲ್ಲಿಗೆ ಹೋಗಲಿ? ಮಾರನೆಯ ದಿನ ಮುದ್ದೆಗೆ ಇನ್ನೊಂದು ಹಿಡಿ ಹಿಟ್ಟು ಜಾಸ್ತಿ ಹಾಕಿದೆ, ಪಾಪ, ಶಕ್ತಿ ಬರಲಿ ಅಂತ.

ಅವತ್ತೇ ಅರೋಹಮ್ಮ ವಿಡಿಯೋದಲ್ಲಿ ಮಾತಾಡುತ್ತೇನೆ, ನೀವು ಊಟ ಮಾಡುತ್ತಲೇ ಇರಿ ಅಂದರು. ಇಲ್ಲಿ ಸಂಜೆ ಆರಕ್ಕೇ ರಾತ್ರಿಯ ಊಟ, ಹೊರಗಿನ್ನೂ ಬಿಸಿಲು. ಪ್ರಕಾಶ ಫೋನನ್ನು ಸಾರಿನ ಪಾತ್ರೆಗೆ ಒರಗಿಸಿ ನಿಲ್ಲಿಸಿದರು. ನಾನು ಚಿನ್ನಿಯನ್ನು ಕಂಕುಳಲ್ಲಿಟ್ಟುಕೊಂಡೇ ತಟ್ಟೆ ತಂದು ಇಟ್ಟೆ. ಅರೋಹಮ್ಮ ನಗುತ್ತಾ ಏನೋ ಹೇಳುತ್ತಿದ್ದವರು ನಿಲ್ಲಿಸಿದರು. ಮುಖವನ್ನು ಫೋನಿನ ಹತ್ತಿರಕ್ಕೆ ತಂದರು. ಬೆರಳು ಚಾಚಿ ಏನೋ ಕೇಳಿದರು. ಸವಿತಾ ಮುದ್ದೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮುದ್ದೆಯನ್ನು ನೋಡಿದಳು.

"ಏನಂತೆ?" ಅಂದೆ.

"ಆ ಬೆಟ್ಟ ಏನು ಅಂತ ಕೇಳ್ತಿದಾರಪ್ಪಾ."

"ಬೆಟ್ಟ ಅಲ್ಲ, ರಾಗಿ. ಗೆರೆಯೊಳಗೇ ಇದೆ, ಬೇಕಾದ್ರೆ ಟೇಪು ತರ್ತೀನಿ ಅನ್ನು."

ಸವಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆ ಕಡೆ ಅರೋಹಮ್ಮ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಈ ಕಡೆ ಸವಿತಾ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. "ಅಯ್ಯೋ ಅಪ್ಪಾ! ಗೆರೆ ಉದ್ದಗಲಕ್ಕೆ ಹಾಕ್ದೆ, ಎತ್ತರಕ್ಕೆ ಹಾಕ್ಲೇ ಇಲ್ವಲ್ಲ! ಸೊಪ್ಪು ನೋಡಿದ್ರೆ ಎರಡು ಚಮಚ ಇಲ್ಲ, ಮುದ್ದೆ ನೋಡಿದ್ರೆ ಮೂರು ಜನಕ್ಕಾಗುತ್ತೆ!" ನಾನು ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ನನಗೆ ಅವಮಾನ ಆಗಬೇಕಿತ್ತು, ಆದರೆ ಆ ನಗು ಕೇಳಿ ಖುಷಿಯಾಗಿ ಅವಮಾನವೂ ಗೊಂದಲಕ್ಕೆ ಬಿತ್ತು. ನಾನು ಪ್ರಕಾಶನ ಕಡೆ ತಿರುಗಿದೆ. "ಅಲ್ಲಪ್ಪಾ, ನೀವು ಇಂಜಿನಿಯರು. ಅಷ್ಟೆತ್ತರದ ಟ್ಯಾಂಕಿನಲ್ಲಿ ಹಾಲಿನ ಪುಡಿ ಎಷ್ಟಿದೆ ಅಂತ ದಿನಾ ಅಳೀತೀರಿ. ನಿಮ್ಮ ತಟ್ಟೇಲೂ ಇದೇ ಬೆಟ್ಟ ಇತ್ತಲ್ಲ, ಕಾಣಲಿಲ್ವಾ?" ಅವರು ಬೆರಳು ನೆಕ್ಕುತ್ತಾ, "ಕಾಣ್ತು ಮಾವ. ಚೆನ್ನಾಗಿತ್ತು, ಅದಕ್ಕೇ ಸುಮ್ನಿದ್ದೆ" ಅಂದರು. ಸವಿತಾಳನ್ನೂ ಕೇಳಿದೆ, ನೀನಾದರೂ ಹೇಳಬಾರದಿತ್ತಾ ಅಂತ. "ಚಿಕ್ಕೋಳಿದ್ದಾಗಿಂದ ಅಷ್ಟೇ ತಿಂದಿದ್ದೀನಿ. ಮುದ್ದೇನ ಯಾರು ಅಳೀತಾರಪ್ಪಾ?" ಅಂದಳು. ತರಕಾರಿಯ ತೂಕ ನೋಡಿ ಸಂಬಳ ತೆಗೆದುಕೊಳ್ಳುವವಳು ಈ ಮಾತು ಹೇಳಿದ ಮೇಲೆ ನನ್ನ ನಾಲ್ಕನೇ ಕ್ಲಾಸಿನ ಬಗ್ಗೆ ನನಗಿದ್ದ ನಾಚಿಕೆ ಸ್ವಲ್ಪ ಕಡಿಮೆಯಾಯಿತು.

ಆಮೇಲೆ ತಟ್ಟೆ ಬದಲಾಯಿತು. ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಸೊಪ್ಪು ಗುಡ್ಡೆ ಗುಡ್ಡೆ. ಸವಿತಾಳ ಕಾರ್ಖಾನೆಯಿಂದ ಬರುವ ಸೊಟ್ಟ ಕ್ಯಾರೆಟ್ಟು, ಒಡಕಲು ಬ್ರಾಕೊಲಿ, ಪಕ್ಕದ ಮನೆಯವರು ತಮ್ಮ ಯೂಟ್ ಎಂಬ ಹಿಂಬದಿ ತೆರೆದ ಗಾಡಿಯಿಂದ ಇಳಿಸಿಹೋಗುವ ಸಿಲ್ವರ್‌ಬೀಟು, ನೆನೆಸಿದ ಹುರುಳಿಕಾಳು, ಮೊಟ್ಟೆ. ಸಿಲ್ವರ್‌ಬೀಟಿನ ಬಸ್ಸಾರು ಎಂಬುದನ್ನು ಭೂಮಿಯ ಮೇಲೆ ಮೊದಲು ಮಾಡಿದವನು ನಾನೇ ಇರಬೇಕು. ಒಂದೂವರೆ ತಿಂಗಳಿಗೆ ದೊಡ್ಡ ಡಾಕ್ಟರು ನೋಡಿ, ಸ್ವಲ್ಪ ಸುಧಾರಿಸಿದೆ, ಜೋರು ಔಷಧಿ ಸದ್ಯಕ್ಕೆ ಬೇಡ, ಈಗಿನ ಮಾತ್ರೆಯನ್ನೇ ಮುಂದುವರಿಸಿ, ಕಾದು ನೋಡೋಣ ಅಂದರು. ಆ ಮಾತ್ರೆ ಪೂರ್ತಿ ಹಿಡಿಯಲು ವಾರಗಟ್ಟಲೆ ಬೇಕಂತೆ. ಸೊಪ್ಪಿಗೂ ಅಷ್ಟೇ ವಾರ ಬೇಕಂತೆ. ಹಾಗಾದರೆ ಗುಣವಾದದ್ದು ಯಾವುದರಿಂದ ಎಂದು ಗೊತ್ತಾಗುವುದು ಹೇಗೆ? ಸವಿತಾಳಿಂದ ಅರೋಹಮ್ಮನನ್ನು ಕೇಳಿಸಿದೆ. "ಗೊತ್ತಾಗ್ಬೇಕಾ? ಎರಡನ್ನೂ ಬಿಡ್ಬೇಡಿ ಅಷ್ಟೇ" ಅಂದರಂತೆ. ಇಷ್ಟು ದಿನದಲ್ಲಿ ನನಗೆ ಪೂರ್ತಿ ಅರ್ಥವಾದ ಮಾತು ಅದೊಂದೇ.

ಮೊನ್ನೆ ಬೆಳಗ್ಗೆ ಎಂದಿನಂತೆ ಆರೂವರೆಗೆ ಎದ್ದು, ಕೈ ತೊಳೆದು, ಚಿನ್ನಿಗೆ ತಣ್ಣಗೆ ತಾಕಬಾರದೆಂದು ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಕೋಣೆಗೆ ಹೋದೆ. ತೊಟ್ಟಿಲು ಖಾಲಿ. ನೋಡಿದರೆ ಸವಿತಾ ಕಿಟಕಿಯ ಹತ್ತಿರ ನಿಂತಿದ್ದಾಳೆ, ತೋಳಿನಲ್ಲಿ ಚಿನ್ನಿ. "ಎತ್ಕೊಂಡೆ ಕಣಪ್ಪಾ. ನೋವಿದೆ, ಆದ್ರೂ ಎತ್ಕೊಂಡೆ" ಅಂದಳು, ದೊಡ್ಡ ದನಿಯಲ್ಲಿ ಹೇಳಿದರೆ ಎಲ್ಲಿ ಸುಳ್ಳಾಗಿಬಿಡುತ್ತದೋ ಎಂಬಂತೆ. "ಭಾರ ಆಗುತ್ತೆ, ಕೊಡು ಇಲ್ಲಿ" ಎಂದು ಕೈ ಚಾಚಿದೆ. "ಏನೂ ಭಾರ ಇಲ್ಲ, ನೀನು ಹೋಗಿ ಮಲಕ್ಕೋ, ಪಾಪ ಇಷ್ಟು ದಿನ ನಿದ್ದೆಗೆಟ್ಟಿದ್ದೀಯ" ಅಂದಳು. ಚಿನ್ನಿಯೂ ನನ್ನನ್ನು ಒಂದು ಸಲ ನೋಡಿ ತಾಯಿಯ ಕುತ್ತಿಗೆಗೆ ಮುಖ ಒತ್ತಿಕೊಂಡಳು. ಇದಕ್ಕೇ ಅಲ್ಲವೇ ನಾನು ಇಷ್ಟೆಲ್ಲ ಸೊಪ್ಪು ಸೋಸಿದ್ದು? ದೇವರಿಗೆ ಕೈ ಮುಗಿದೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಮಲಗಲು ಮಾತ್ರ ಹೋಗಲಿಲ್ಲ. ಚಿನ್ನಿ ಒಂದೇ ಒಂದು ಸಲ ಅತ್ತರೆ ಸಾಕು, ಒಳಗೆ ಹೋಗಲು ನೆಪ ಸಿಗುತ್ತದೆ ಎಂದು ಬಿಸಿ ಮಾಡಿಕೊಂಡ ಅಂಗೈಗಳನ್ನು ಹಾಗೇ ಹಿಡಿದುಕೊಂಡು ಬಾಗಿಲಾಚೆ ಅರ್ಧ ಗಂಟೆ ನಿಂತಿದ್ದೆ. ಅಷ್ಟು ಒಳ್ಳೆಯ ಮಗು ಅವಳು, ಅಳಲೇ ಇಲ್ಲ.